ಬಂಬಿನ ಬೆಂಕಿ, ಬೆಟ್ಟದ ಲೆಕ್ಕ

ದಸರಾ ಕಳೆದು ಮಳೆ ಹಿಂದೆ ಸರಿದ ಮೇಲೆ ಪುಣೆಯಲ್ಲಿ ಒಂದು ಬೆಳಗ್ಗೆ ಇದ್ದಕ್ಕಿದ್ದಂತೆ ಗಾಳಿ ಒಣಗಿಬಿಡುತ್ತದೆ. ತುಟಿ ಬಿರಿಯುತ್ತದೆ, ರಾತ್ರಿ ಫ್ಯಾನು ನಿಲ್ಲುತ್ತದೆ. ಅಂಥದೊಂದು ಶನಿವಾರ ಮನೆಯ ಕಪಾಟಿಗೆ ಪ್ಲೈವುಡ್ ನೋಡಲು ಭವಾನಿ ಪೇಟೆಯ ಟಿಂಬರ್ ಮಾರ್ಕೆಟ್ಟಿಗೆ ಹೋಗಿದ್ದೆ. ಹೊಳೆಯುವ ಲ್ಯಾಮಿನೇಟ್ ಅಂಗಡಿಗಳ ಹಿಂದಿನ ಓಣಿಯಲ್ಲಿ ಕೊಡಲಿಯ ಸದ್ದು ಕೇಳಿತು. ಯಂತ್ರದ ಗರಗಸದ ಕಿರುಚಾಟದ ನಡುವೆ ಅದೊಂದು ಬೇರೆಯದೇ ಲಯದ ಸದ್ದು. ಹೋಗಿ ನೋಡಿದರೆ ತಗಡಿನ ಮಾಡಿನ ಕೆಳಗೆ ಒಂದು ಹಳೆಯ ವಖಾರ. ನಮ್ಮ ಹಾವೇರಿ ಕಡೆ ಕಟ್ಟಿಗೆ ಅಡ್ಡೆ ಅನ್ನುತ್ತೇವೆ, ಬೆಂಗಳೂರಿನವರು ಸೌದೆ ಡಿಪೋ ಅನ್ನುತ್ತಾರೆ. ಜಾಲಿಯ ಕೊರಡುಗಳನ್ನು ಅರವತ್ತು ದಾಟಿದ ಒಬ್ಬರು ಸೀಳುತ್ತಿದ್ದರು. ನಾನು ಫೋನಿನಲ್ಲಿ ಮನೆಯವಳ ಜೊತೆ ಮಾತಾಡಿದ್ದು ಅವರ ಕಿವಿಗೆ ಬಿದ್ದಿರಬೇಕು.

“ಕನ್ನಡದಾವ್ರೇನ್ರಿ ಸಾಹೇಬ್ರ?”

“ಹೌದ್ರಿ, ಹಾನಗಲ್ ಕಡೇವ್ರು. ನೀವ್ರಿ?”

“ಇಂಡಿ ಕಡೇವ್ರಿ. ನಮ್ಮಪ್ಪ ಬಹತ್ತರ ಬರದಾಗ ಬಂದಾವ, ಇಲ್ಲೇ ಉಳದ.”

ಬಹತ್ತರ ಅಂದರೆ 1972. ಮಹಾರಾಷ್ಟ್ರ ಮತ್ತು ಉತ್ತರ ಕರ್ನಾಟಕವನ್ನು ಒಟ್ಟಿಗೆ ಸುಟ್ಟ ಬರಗಾಲಕ್ಕೆ ಇಲ್ಲಿನ ಹಳಬರು ಇಸವಿಯನ್ನೇ ಹೆಸರಾಗಿ ಇಟ್ಟಿದ್ದಾರೆ. ಪುಣೆಯ ಕಟ್ಟಡ, ರಸ್ತೆ, ಮಂಡಿಗಳಲ್ಲಿ ದುಡಿಯುವ ವಿಜಯಪುರ, ಕಲಬುರಗಿ ಕಡೆಯ ಎಷ್ಟೋ ಮನೆತನಗಳ ಪುಣೆಯ ಕಥೆ ಶುರುವಾಗುವುದು ಅಲ್ಲಿಂದಲೇ. ಹಿಂಜವಡಿಯ ಗಾಜಿನ ಕಟ್ಟಡಗಳಿಗೆ ಬಂದ ನಾವೇ ಪುಣೆಯ ಕನ್ನಡಿಗರು ಎಂದು ಆಗಾಗ ತಪ್ಪು ತಿಳಿಯುತ್ತೇವೆ.

ಅವರು ಕೆಲಸ ನಿಲ್ಲಿಸದೆಯೇ ಮಾತಾಡಿದರು. ಜಾಲಿಯನ್ನು ಹಸಿ ಇದ್ದಾಗಲೇ ಒಡೆಯಬೇಕು, ಒಣಗಿತೆಂದರೆ ಕೊಡಲಿ ಹಿಂದಕ್ಕೆ ಚಿಮ್ಮುತ್ತದೆ. ಗಂಟು ಇದ್ದ ಕಡೆ ಹೊಡೆಯಬಾರದು, ಕೊರಡಿನ ತಲೆಯಲ್ಲಿ ಮೊದಲೇ ಬಿಟ್ಟಿರುವ ಬಿರುಕು ಹುಡುಕಿ ಅಲ್ಲಿ ಹೊಡೆಯಬೇಕು. ತೀರ ಮೊಂಡು ಮರವಾದರೆ ಕಬ್ಬಿಣದ ಬೆಣೆ ಇಟ್ಟು ಸುತ್ತಿಗೆಯಿಂದ ಇಳಿಸಬೇಕು. ಯಾರು ಕೊಳ್ಳುತ್ತಾರೆ ಎಂದೆ. “ಬೇಕರಿಯವ್ರು, ತಂದೂರಿ ಹೋಟೆಲ್ನವ್ರು, ಮದವಿ ಅಡಗಿಯವ್ರು. ಥಂಡಿ ಬಂತಂದ್ರ ಬಂಬಿನವ್ರು. ಅವ್ರು ಈಗ ಬೆರಳೆಣಿಕಿ.”

ಬಂಬ್ ಎಂದರೆ ಪುಣೆಯ ಹಳೆಯ ವಾಡೆಗಳ ಬಚ್ಚಲಲ್ಲಿ ನಿಂತಿರುತ್ತಿದ್ದ ತಾಮ್ರದ ಬಾಯ್ಲರ್. ನಡುವೆ ಕೊಳವೆ, ಕೊಳವೆಯೊಳಗೆ ಬೆಂಕಿ, ಸುತ್ತ ನೀರು, ಪಕ್ಕದಲ್ಲೊಂದು ನಲ್ಲಿ. ಕಸಬಾ ಪೇಟೆಯ ತಾಂಬಟ್ ಆಳಿಯ ತಾಮ್ರಗಾರರು ಇದನ್ನು ಬಡಿದು ಮಾಡುತ್ತಿದ್ದರು. ಈಗ ಅದೇ ಓಣಿಯಲ್ಲಿ ಅಲಂಕಾರದ ದೀಪ, ನೀರಿನ ಬಾಟಲಿ ಆಗುತ್ತವೆ; ಬಂಬು ರೆಸಾರ್ಟುಗಳ ಬಾಗಿಲಲ್ಲಿ ಹೂವಿನ ಕುಂಡವಾಗಿದೆ. ನಮ್ಮೂರಿನಲ್ಲಿ ಇದೇ ಕೆಲಸವನ್ನು ಒಲೆಯ ಮೇಲೆ ಮಣ್ಣು ಮೆತ್ತಿ ಕೂರಿಸಿದ ಹಂಡೆ ಮಾಡುತ್ತಿತ್ತು. ದೀಪಾವಳಿಗೆ ಮೊದಲಿನ ನೀರು ತುಂಬುವ ಹಬ್ಬದಲ್ಲಿ ಅದನ್ನು ಹುಣಸೆಹಣ್ಣಿನಿಂದ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ಕೊರಳಿಗೆ ಹಿಂಡಲೆ ಬಳ್ಳಿ ಕಟ್ಟುತ್ತಿದ್ದರು. ಇಲ್ಲಿ ಮರಾಠಿಗರ ಅಭ್ಯಂಗ ಸ್ನಾನವೂ ಅದೇ ನಸುಕಿನಲ್ಲಿ. ಹಬ್ಬದ ಮೊದಲ ಖರ್ಚು ಕಟ್ಟಿಗೆ ಎಂಬುದನ್ನು ಎರಡೂ ಕಡೆ ನಾವು ಮರೆತಿದ್ದೇವೆ.

ಆ ಖರ್ಚನ್ನು ಒಂದಿಷ್ಟು ಲೆಕ್ಕ ಹಾಕೋಣ. ಎಂಟೆಕ್ ಮಾಡಿದವನ ಚಟ ಎಂದುಕೊಳ್ಳಿ. ಐದು ಜನರ ಮನೆ, ತಲೆಗೆ 20 ಲೀಟರ್ ನೀರು, ಅಂದರೆ 100 ಲೀಟರ್. ಅದನ್ನು 20 ಡಿಗ್ರಿಯಿಂದ 40ಕ್ಕೆ ಏರಿಸಲು ಸುಮಾರು 8.4 ಮೆಗಾಜೂಲ್ ಶಾಖ ಬೇಕು. ಗಾಳಿಗೆ ಚೆನ್ನಾಗಿ ಒಣಗಿದ ಒಂದು ಕಿಲೋ ಕಟ್ಟಿಗೆಯಲ್ಲಿ ಸುಮಾರು 15 ಮೆಗಾಜೂಲ್ ಇರುತ್ತದೆ. ಹಂಡೆಯೊಲೆ ಅದರಲ್ಲಿ ನೀರಿಗೆ ತಲುಪಿಸುವುದು ಶೇ. 12 ಎಂದು ಹಿಡಿದರೆ ದಿನಕ್ಕೆ ನಾಲ್ಕೂವರೆ ಕಿಲೋ ಮೀರುತ್ತದೆ. ಬಂಬಿನಲ್ಲಿ ನೀರು ಬೆಂಕಿಯನ್ನು ಸುತ್ತುವರಿದಿರುವುದರಿಂದ ಶೇ. 30 ಹಿಡಿದರೆ ಎರಡು ಕಿಲೋದೊಳಗೆ ಮುಗಿಯುತ್ತದೆ. ಶೇಕಡಾವಾರು ನನ್ನ ಅಂದಾಜು, ಉಳಿದದ್ದು ಭೌತಶಾಸ್ತ್ರ. ನೂರು ದಿನದ ಚಳಿಗೆ ಹಂಡೆಯ ಮನೆಗೆ ಸುಮಾರು ಅರ್ಧ ಟನ್ ಕಟ್ಟಿಗೆ, ಅದೂ ಸ್ನಾನಕ್ಕೆ ಮಾತ್ರ. ಅಡುಗೆ ಬೇರೆ. ಹಸಿ ಕಟ್ಟಿಗೆಯಾದರೆ ತೂಕದ ಅರ್ಧದಷ್ಟು ನೀರೇ ಇರುತ್ತದೆ. ಉರಿಯ ಒಂದು ಪಾಲು ಆ ನೀರನ್ನು ಹೊಗೆಯಾಗಿ ಕಳಿಸುವುದಕ್ಕೇ ಹೋಗುತ್ತದೆ. ಮಲೆನಾಡಿನವರು ಮಳೆಗಾಲಕ್ಕೆ ಮೊದಲೇ ಕಡಿದು, ಸೀಳಿ, ಸೌದೆ ಕೊಟ್ಟಿಗೆಯಲ್ಲಿ ಪೇರಿಸಿಡುತ್ತಿದ್ದುದು ಇದಕ್ಕೇ. ನಗರದವನಿಗೆ ಆ ಜಾಗವೂ ಇಲ್ಲ, ಮುಂಗಡ ಹಣವೂ ಇಲ್ಲ. ಅವನ ಪರವಾಗಿ ಒಣಗಿಸಿಡುವವನೇ ವಖಾರದ ವ್ಯಾಪಾರಿ. ಅವನು ಮಾರುವುದು ಕಟ್ಟಿಗೆಯಷ್ಟೇ ಅಲ್ಲ, ಒಂದು ಬೇಸಿಗೆಯ ಬಿಸಿಲನ್ನು ಕೂಡ.

ಹಾಗಾದರೆ ಒಂದು ಇಡೀ ನಗರಕ್ಕೆ ಎಷ್ಟು ಬೇಕಿತ್ತು? 1881ರಲ್ಲಿ ಪುಣೆ ನಗರದ ಜನಸಂಖ್ಯೆ ಸುಮಾರು ಒಂದು ಲಕ್ಷ. ತಲೆಗೆ ದಿನಕ್ಕೊಂದು ಕಿಲೋ ಉರುವಲು, ಅದರಲ್ಲಿ ಅರ್ಧ ಕುಳ್ಳು ಎಂದುಕೊಂಡರೂ 50 ಟನ್ ಕಟ್ಟಿಗೆ. ಒಂದು ಚಕ್ಕಡಿ ಅರ್ಧ ಟನ್ ಹೊತ್ತರೆ ದಿನಾ ನೂರು ಚಕ್ಕಡಿ, ವರ್ಷದ ಮುನ್ನೂರರವತ್ತೈದು ದಿನವೂ. ದಂಡಿನ ಪ್ರದೇಶ, ಬೇಕರಿ, ಇಟ್ಟಿಗೆ ಭಟ್ಟಿ, ಸ್ಮಶಾನ ಇದರಲ್ಲಿ ಸೇರಿಲ್ಲ.

ಜರ್ಮನಿಯ ಜಮೀನುದಾರ ಫಾನ್ ಟ್ಯೂನೆನ್ 1826ರಲ್ಲಿ ‘ಒಂಟಿ ರಾಜ್ಯ’ ಎಂಬ ಪುಸ್ತಕ ಪ್ರಕಟಿಸಿದ. ಬಯಲಿನ ನಡುವೆ ಒಂದೇ ನಗರ ಇದ್ದರೆ ಅದರ ಸುತ್ತ ಯಾವ ಬೆಳೆ ಎಲ್ಲಿ ಬೆಳೆಯುತ್ತದೆ ಎಂಬ ಲೆಕ್ಕ ಅದು. ನಗರಕ್ಕೆ ತಾಗಿದ ಮೊದಲ ಬಳೆಯಲ್ಲಿ ಹಾಲು ತರಕಾರಿ. ಎರಡನೆಯ ಬಳೆಯಲ್ಲೇ, ಜೋಳ ಗೋಧಿಗಿಂತ ಮುಂಚೆ, ಕಾಡು. ಇವತ್ತಿನವರಿಗೆ ವಿಚಿತ್ರ ಅನ್ನಿಸಬಹುದು. ಆದರೆ ಕಟ್ಟಿಗೆ ಭಾರ, ಬೆಲೆ ಕಡಿಮೆ, ದೂರದಿಂದ ತಂದರೆ ಬಾಡಿಗೆಗೇ ಎಲ್ಲ ಹೋಗುತ್ತದೆ. ಹಾಗಾಗಿ ನಗರದ ಹತ್ತಿರದ ಮರ ಮೊದಲು ಹೋಗುತ್ತದೆ, ಅಥವಾ ಯಾರೋ ಅದನ್ನು ಬೆಳೆಸಬೇಕಾಗುತ್ತದೆ. ಹತ್ತಿರದ್ದು ಮುಗಿದ ಮೇಲೆ ದೂರದ ಬೆಟ್ಟದಲ್ಲಿ ಕಟ್ಟಿಗೆಯನ್ನು ಇದ್ದಿಲು ಮಾಡುವುದು ಲಾಭ. ನಾಲ್ಕೈದು ಕಿಲೋ ಕಟ್ಟಿಗೆ ಭಟ್ಟಿಯಲ್ಲಿ ಒಂದು ಕಿಲೋ ಇದ್ದಿಲಾಗುತ್ತದೆ. ಶಾಖದ ದೊಡ್ಡ ಪಾಲು ಕಾಡಿನಲ್ಲೇ ಹೊಗೆಯಾಗಿ ಹೋಗುತ್ತದೆ, ಆದರೆ ಉಳಿದ ಕಿಲೋ ಕಟ್ಟಿಗೆಯ ಕಿಲೋಗಿಂತ ಎರಡು ಪಟ್ಟು ಕಾವು ಕೊಡುತ್ತದೆ, ಹೊಗೆಯಿಲ್ಲದೆ ಉರಿಯುತ್ತದೆ. ವ್ಯಾಪಾರಿಗೆ ಬಾಡಿಗೆ ಉಳಿಯಿತು. ಕಾಡಿಗೆ ನಾಲ್ಕು ಪಟ್ಟು ಹೋಯಿತು. ಪುಣೆಯ ಪಶ್ಚಿಮಕ್ಕಿರುವ ಮುಳಶಿ, ವೆಲ್ಹೆ, ಮಾವಳದ ಬೆಟ್ಟಗಳ ಕಥೆ ಈ ಒಂದು ಸಾಲಿನ ಗಣಿತದೊಳಗಿದೆ.

ಪೇಶ್ವೆಗಳ ಕಾಲದ ಮರದ ಸುದ್ದಿ ನಮಗೆ ತಿಳಿದಿರುವುದು ಹೆಚ್ಚಾಗಿ ಮೋಪಿನ ವಿಷಯ. 1730ರಲ್ಲಿ ಶುರುವಾದ ಶನಿವಾರವಾಡೆಗೆ ತೇಗ ಜುನ್ನರಿನ ಕಾಡಿನಿಂದ, ಕಲ್ಲು ಚಿಂಚವಡದಿಂದ, ಸುಣ್ಣ ಜೆಜುರಿಯಿಂದ ಬಂತು ಎನ್ನುತ್ತಾರೆ. 1828ರಲ್ಲಿ ಅದೇ ತೇಗ ಬೆಂಕಿಗೆ ಸಿಕ್ಕು ಏಳು ದಿನ ಉರಿಯಿತಂತೆ. ಅರಮನೆಯ ಮರಕ್ಕೆ ಚರಿತ್ರೆ ಇದೆ, ಅರಮನೆಯ ಬಚ್ಚಲಿಗೆ ಹೊತ್ತ ಕಟ್ಟಿಗೆಗೆ ಇಲ್ಲ. ತಲೆಹೊರೆ ಮಾರುತ್ತಿದ್ದ ಠಾಕರ, ಕಾತಕರಿ ಹೆಂಗಸರಿಗೂ ಇಲ್ಲ.

ಕಟ್ಟಿಗೆಗೆ ಚರಿತ್ರೆ ಹುಟ್ಟುವುದು ಅದನ್ನು ಆರಿಸುವುದು ಅಪರಾಧವಾದಾಗ.

ನಾನು ದಿನಾ ಆಫೀಸಿಗೆ ಹೋಗುವ ದಾರಿಗೆ ಬಹಳ ದೂರವಲ್ಲದ ದಾಪೋಡಿಯಲ್ಲಿ ಕಂಪನಿ ಸರ್ಕಾರದ ಒಂದು ಸಸ್ಯೋದ್ಯಾನ ಇತ್ತು. 1838ರಿಂದ ಅದನ್ನು ನೋಡಿಕೊಂಡಿದ್ದವನು ಅಲೆಕ್ಸಾಂಡರ್ ಗಿಬ್ಸನ್ ಎಂಬ ಸ್ಕಾಟಿಷ್ ವೈದ್ಯ. 1847ರಲ್ಲಿ ಅವನನ್ನು ಮುಂಬಯಿ ಪ್ರಾಂತ್ಯದ ಮೊದಲ ಅರಣ್ಯ ಸಂರಕ್ಷಣಾಧಿಕಾರಿಯಾಗಿ ಮಾಡಿದರು. ಅವನ ತೋಟದಲ್ಲಿ ಬರೆಸಿದ ಗಿಡಗಳ ಚಿತ್ರಗಳು ಇಂದು ಎಡಿನ್‌ಬರೊದ ಸಸ್ಯೋದ್ಯಾನದಲ್ಲಿವೆ. ಹೂವಿನ ಚಿತ್ರ ಬರೆಸಿದವನೇ ಕಾಡಿನ ಗಡಿಯನ್ನೂ ಬರೆಯಬೇಕಾಯಿತು. ಕಾಡು ಕಡಿದರೆ ಹಳ್ಳಗಳು ಬತ್ತುತ್ತವೆ ಎಂಬ ಚಿಂತೆ ಅವನಿಗಿತ್ತು ಎನ್ನುವುದು ನಿಜ. ಕಂಪನಿಗೆ ಹಡಗಿನ ತೇಗ ಬೇಕಿತ್ತು ಎನ್ನುವುದೂ ಅಷ್ಟೇ ನಿಜ. ಹಿಂದೆಯೇ ರೈಲು ಬಂತು. ಖಂಡಾಲ–ಪುಣೆ ದಾರಿ 1858ರಲ್ಲಿ ತೆರೆಯಿತು, ಭೋರ್ ಘಾಟ್ ಏರು 1863ರಲ್ಲಿ. ಹಳಿಯ ಕೆಳಗಿನ ಸ್ಲೀಪರ್ ಮರದ್ದು. ಇಂಗ್ಲೆಂಡಿನ ಕಲ್ಲಿದ್ದಲು ದುಬಾರಿಯಾದ್ದರಿಂದ ದಕ್ಷಿಣದ ಹಲವು ದಾರಿಗಳಲ್ಲಿ ಎಂಜಿನ್ನಿನ ಒಳಗಿನದೂ ಕಟ್ಟಿಗೆಯೇ. ನಮ್ಮ ಕಡೆಯ ದೊಡ್ಡ ಬಾಯಿ ಕೋಲಾರದ ಚಿನ್ನದ ಗಣಿಗಳದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಅಲ್ಲಿಗೆ ತಲುಪುವವರೆಗೂ ಗಣಿಯ ಉಗಿಯಂತ್ರಗಳು ಕಲ್ಲಿದ್ದಲಿನ ಜೊತೆ ಸುತ್ತಲಿನ ಕಾಡನ್ನೂ ಉರಿಸುತ್ತಿದ್ದವು. ಶಾಲೆಯ ಪಾಠದಲ್ಲಿ ನಾವು ಓದಿದ್ದು ಏಷ್ಯಾದ ಮೊದಲ ವಿದ್ಯುತ್ ಎಂಬ ಹೆಮ್ಮೆಯನ್ನಷ್ಟೇ.

1878ರಲ್ಲಿ ಬಂದ ಭಾರತೀಯ ಅರಣ್ಯ ಕಾಯಿದೆ ಕಾಡನ್ನು ಮೂರು ಮಾಡಿತು: ಮೀಸಲು, ರಕ್ಷಿತ, ಗ್ರಾಮ. ಮೊದಲನೆಯದರಲ್ಲಿ ಊರವರಿಗೆ ಹೆಚ್ಚು ಕಡಿಮೆ ಏನೂ ಹಕ್ಕಿಲ್ಲ, ಎರಡನೆಯದರಲ್ಲಿ ಇಲಾಖೆ ಕೊಟ್ಟಷ್ಟು, ಮೂರನೆಯದು ಬಹುಪಾಲು ಕಾಗದದಲ್ಲೇ ಉಳಿಯಿತು. ಈ ಮಸೂದೆ ಬಂದಾಗ ಅದನ್ನು ಓದಿ, ಅರ್ಥ ಮಾಡಿಕೊಂಡು, ವಿರೋಧಿಸಿ ಬರೆದವರಲ್ಲಿ ಪುಣೆಯ ಸಾರ್ವಜನಿಕ ಸಭೆಯೂ ಒಂದು. 1870ರಲ್ಲಿ ಹುಟ್ಟಿದ ಸಭೆ ಅದು. ರಾನಡೆಯವರು ಅದರ ಬೆನ್ನೆಲುಬು. ಅವರ ಮನವಿಯ ತಿರುಳು ಇಷ್ಟು: ಕಾವಲುಗಾರರ ದೊಡ್ಡ ಪಡೆ ಕಟ್ಟಿ ಹಣ ಸುರಿಯುವ ಬದಲು ಹಳ್ಳಿಯವರನ್ನೇ ವಿಶ್ವಾಸಕ್ಕೆ ತೆಗೆದುಕೊಳ್ಳಿ, ಮರ ಉಳಿಸಿದ ಊರಿಗೆ ಬಹುಮಾನ ಕೊಡಿ, ಕಾಡು ತಾನೇ ಉಳಿಯುತ್ತದೆ. ಈ ಸಲಹೆಯನ್ನು ಯಾರೂ ಕೇಳಲಿಲ್ಲ. ಸರ್ಕಾರಕ್ಕೆ ಬರೆದ ಮನವಿಗಳ ಪೈಕಿ ಇಷ್ಟು ವ್ಯಾವಹಾರಿಕವಾದದ್ದನ್ನು ನಾನು ಹೆಚ್ಚು ಕಂಡಿಲ್ಲ.

ಸಭೆಯವರು ಭೂಮಾಲೀಕರು, ವಕೀಲರು, ಓದಿದ ಬ್ರಾಹ್ಮಣರು. ಅವರ ಮೇಲೆ ನಂಬಿಕೆಯಿಲ್ಲದಿದ್ದ ಇನ್ನೊಬ್ಬರು ಇದೇ ಊರಿನಲ್ಲಿ, ಇದೇ ವಿಷಯದಲ್ಲಿ, ಇನ್ನೂ ಖಾರವಾಗಿ ಬರೆದರು. ಜ್ಯೋತಿರಾವ್ ಫುಲೆ 1883ರಲ್ಲಿ ಬರೆದ ‘ಶೇತಕರ್‍ಯಾಚಾ ಆಸೂಡ್’, ಅಂದರೆ ರೈತನ ಬಾರುಕೋಲು, ಅರಣ್ಯ ಇಲಾಖೆಯನ್ನು ಹೆಸರೆತ್ತಿ ಝಾಡಿಸುತ್ತದೆ. ತುಂಡು ಹೊಲದ ರೈತ ಮುಂಚೆ ಅತ್ತಿ, ನೇರಳೆ ತಿಂದು, ಮುತ್ತುಗದ ಎಲೆ, ಇಪ್ಪೆಯ ಹೂವು ಮಾರಿ, ಊರ ಗೋಮಾಳದ ಆಸರೆಯಲ್ಲಿ ಒಂದೆರಡು ಹಸು, ನಾಲ್ಕು ಆಡು ಸಾಕಿ ಹೇಗೋ ಬದುಕುತ್ತಿದ್ದ. ಈಗ ಬೆಟ್ಟ, ಬೀಳು, ಹುಲ್ಲುಗಾವಲು ಎಲ್ಲವೂ ಇಲಾಖೆಯ ಪಾಲಾಗಿ ಅವನ ಆಡಿಗೆ ಉಸಿರಾಡಲೂ ಜಾಗವಿಲ್ಲ ಎಂಬುದು ಅವರ ದೂರು. ಸಭೆಯವರು ಆಡಳಿತದ ದೋಷ ಕಂಡರು, ಫುಲೆ ಊಟದ ಪ್ರಶ್ನೆ ಕಂಡರು. ಫುಲೆಯವರ ಮನೆ ಗಂಜ್ ಪೇಟೆಯಲ್ಲಿ. ಈಗ ಆ ಪೇಟೆಗೆ ಅವರದೇ ಹೆಸರು. ನಾನು ಪ್ಲೈವುಡ್ ನೋಡಲು ಹೋದ ಟಿಂಬರ್ ಮಾರ್ಕೆಟ್ಟಿನಿಂದ ಅಲ್ಲಿಗೆ ನಡೆದೇ ಹೋಗಬಹುದು. ಹದಿನೈದು ವರ್ಷ ಪುಣೆಯಲ್ಲಿದ್ದು, ಎರಡೂ ಜಾಗಗಳನ್ನು ಬೇರೆ ಬೇರೆಯಾಗಿ ನೋಡಿ, ಎರಡರ ನಡುವಿನ ದಾರಿಯನ್ನು ಮೊನ್ನೆಯವರೆಗೆ ನಡೆದಿರಲಿಲ್ಲ.

ಅದರ ಮುಂದಿನ ಅರ್ಧ ಶತಮಾನವನ್ನು ಬೇಗ ದಾಟುತ್ತೇನೆ. ಒಣಕಟ್ಟಿಗೆ ಆಯ್ದವನಿಗೆ ದಂಡ, ದಂಡ ತಪ್ಪಿಸಲು ಗಾರ್ಡಿಗೆ ಕೋಳಿ, ತುಪ್ಪ. ಅದು ಉತ್ತರ ಕನ್ನಡದಲ್ಲೂ ಕೊಂಕಣದಲ್ಲೂ ಒಂದೇ ಕಥೆ. 1930ರಲ್ಲಿ ಗಾಂಧೀಜಿ ಉಪ್ಪು ಎತ್ತಿದಾಗ ಕಡಲಿಲ್ಲದ ಊರಿನವರು ಕಾಡಿಗೆ ಹೋಗಿ ಹುಲ್ಲು, ಮರ ಕಡಿದು ಕಾನೂನು ಮುರಿದರು. ಆ ವರ್ಷ ಸೆಪ್ಟೆಂಬರ್ 25ರಂದು ಉರಣದ ಬಳಿಯ ಚಿರನೇರಿನಲ್ಲಿ ಜಂಗಲ್ ಸತ್ಯಾಗ್ರಹದ ಮೇಲೆ ಗೋಲಿಬಾರ್ ಆಗಿ ಜನ ಸತ್ತರು. ಉತ್ತರ ಕನ್ನಡದ ಅರಣ್ಯ ಸತ್ಯಾಗ್ರಹ ನಮ್ಮ ಓದುಗರಿಗೆ ಗೊತ್ತಿರುವುದೇ.

ನಾನು ನಿಲ್ಲಬೇಕೆಂದಿರುವುದು ಕುಮಟೆಯಲ್ಲಿ. ನನ್ನ ಹೆಂಡತಿಯ ತವರು ಅದು. ಪುಣೆಯ ಸಭೆ 1878ರಲ್ಲಿ ಕೇಳಿದ್ದನ್ನು, ಅವರಿಗೆ ಗೊತ್ತಿಲ್ಲದೆಯೇ, ಅಲ್ಲಿಯ ಕೆಲವು ಊರುಗಳು ಮಾಡಿ ತೋರಿಸಿದವು. ಕರಾವಳಿಯ ಕಾಡಿನ ತಕರಾರುಗಳನ್ನು 1920ರ ದಶಕದ ಆರಂಭದಲ್ಲಿ ಪರಿಶೀಲಿಸಿದ ಕಾಲಿನ್ಸ್ ಎಂಬ ಅಧಿಕಾರಿ, ಊರಿನ ಪಕ್ಕದ ಕಾಡನ್ನು ಊರಿನವರೇ ನೋಡಿಕೊಳ್ಳಲಿ ಎಂಬ ದಾರಿ ತೆರೆದ. ಅದರಂತೆ ಹಳಕಾರ, ಚಿತ್ರಗಿ, ಮೂರೂರು–ಕಲ್ಲಬ್ಬೆಗಳಲ್ಲಿ ಗ್ರಾಮ ಅರಣ್ಯ ಪಂಚಾಯತಿಗಳು ಹುಟ್ಟಿದವು. ವ್ಯವಸ್ಥೆ ಸರಳ: ಸದಸ್ಯರು ಸೇರಿ ಒಂದು ಸಮಿತಿ, ಸಮಿತಿಗೊಬ್ಬ ಕಾವಲುಗಾರ, ಒಣಕಟ್ಟಿಗೆ ಮತ್ತು ತರಗೆಲೆಗೆ ಸಣ್ಣ ಶುಲ್ಕ, ಹಸಿ ಮರ ಕಡಿದರೆ ದಂಡ. ಕಾವಲುಗಾರನ ಸಂಬಳ ಊರಿನ ಹಣದಿಂದಲೇ ಹೋಗುತ್ತಿದ್ದುದರಿಂದ ಅವನು ನಿದ್ದೆ ಮಾಡಿದರೆ ಊರಿಗೆ ಗೊತ್ತಾಗುತ್ತಿತ್ತು. ಸುತ್ತ ಮೀಸಲು ಕಾಡು ತೆಳುವಾಗುತ್ತ ಹೋದಾಗಲೂ ಪೇಟೆಗೆ ಅಂಟಿಕೊಂಡ ಹಳಕಾರದ ಕಾಡು ಉಳಿದಿತ್ತು. ಟ್ಯೂನೆನ್ನನ ಎರಡನೆಯ ಬಳೆ ಇದೇ, ಆದರೆ ಯಜಮಾನ ಬೇರೆ.

1979ರಲ್ಲಿ ರಾಜ್ಯ ಸರ್ಕಾರ ಈ ಪಂಚಾಯತಿಗಳನ್ನು ರದ್ದು ಮಾಡಿ ಕಾಡನ್ನು ಇಲಾಖೆಗೆ ಒಪ್ಪಿಸಲು ಆದೇಶಿಸಿತು. ಹಳಕಾರ ಮತ್ತು ಮೂರೂರು–ಕಲ್ಲಬ್ಬೆಯವರು ಕೋರ್ಟಿಗೆ ಹೋಗಿ ತಡೆ ತಂದರು. ಚಿತ್ರಗಿಯವರದು ಕೈತಪ್ಪಿತು. ಕಾಡು ಸರ್ಕಾರದ್ದಾಯಿತು ಎಂದು ತಿಳಿದ ಕೂಡಲೇ ಸುತ್ತಲಿನ ಜನ ನುಗ್ಗಿ ಅಷ್ಟು ವರ್ಷ ಕಾದಿಟ್ಟಿದ್ದನ್ನು ಕೆಲವೇ ದಿನಗಳಲ್ಲಿ ಕಡಿದು ಮುಗಿಸಿದರು. ಅದೇ ತಾಲ್ಲೂಕು, ಅದೇ ಮಳೆ, ಅದೇ ಜಾತಿಯ ಮರ, ಅದೇ ಒಲೆಯ ಅಗತ್ಯ. ಬದಲಾದದ್ದು ಯಜಮಾನಿಕೆ ಮಾತ್ರ. ನಮ್ಮ ಸಾಫ್ಟ್‌ವೇರಿನಲ್ಲಿ ಒಂದೇ ಅಂಶ ಬದಲಿಸಿ ಎರಡು ಗುಂಪುಗಳ ಮೇಲೆ ಪರೀಕ್ಷೆ ಮಾಡುತ್ತೇವಲ್ಲ, ಚರಿತ್ರೆಯಲ್ಲಿ ಅಂಥ ಪರೀಕ್ಷೆ ಅಪರೂಪ. ಚಿತ್ರಗಿಯಲ್ಲಿ ಅದು ಆಯಿತು, ಯಾರೂ ಕೇಳಿಕೊಳ್ಳದೆ.

ಈ ಪಂಚಾಯತಿಗಳ ಬಗ್ಗೆ ಬರೆದವರಲ್ಲಿ ಮಾಧವ ಗಾಡ್ಗೀಳ್ ಮುಖ್ಯರು. ಪುಣೆಯಲ್ಲಿ ಹುಟ್ಟಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ದುಡಿದವರು. ನಮ್ಮದರ ಉಲ್ಟಾ ವಲಸೆ. ಎಪ್ಪತ್ತರ ದಶಕದಲ್ಲಿ ಅವರು ವಾ. ದ. ವರ್ತಕರ ಜೊತೆ ಪುಣೆ ಸುತ್ತಲಿನ ದೇವರಾಯಿಗಳನ್ನು, ಅಂದರೆ ನಮ್ಮ ದೇವರ ಕಾಡುಗಳನ್ನು, ಹುಡುಕುತ್ತ ನಡೆದರು. ಆಗ ಅವರಿಗೆ ಕಂಡದ್ದು ಪಾನ್‌ಶೆತ್ ಕಣಿವೆಯ ಬೋಳು ಬೆಟ್ಟ. ಅಣೆಕಟ್ಟಿಗಾಗಿ ರಸ್ತೆ ಆಯಿತು. ರಸ್ತೆ ಹಿಡಿದು ಇದ್ದಿಲು ವ್ಯಾಪಾರಿಗಳು ಬಂದರು. ನೀರಿನಡಿಯಲ್ಲಿ ಹೊಲ ಕಳೆದುಕೊಳ್ಳಲಿದ್ದ, ಕೈಯಲ್ಲಿ ಕಾಸಿಲ್ಲದ ರೈತರಿಂದ ಮಾವು, ಅಳಲೆ ಸಮೇತ ಬೆಟ್ಟದ ಮರಗಳನ್ನು ಪುಡಿಗಾಸಿಗೆ ಕೊಂಡರು. ಬೆಟ್ಟ ಇದ್ದಿಲಾಗಿ ಲಾರಿಯಲ್ಲಿ ಪುಣೆಗೆ ಬಂತು. 1961ರ ಜುಲೈ 12ರಂದು ಅದೇ ಪಾನ್‌ಶೆತ್ ಒಡೆದು ಪುಣೆಯ ನದಿಯಂಚಿನ ಪೇಟೆಗಳು ಮುಳುಗಿದವು. ಆ ದಿನ ಪುಣೆಗೆ ಇಂದಿಗೂ ನೆನಪಿದೆ. ನಗರ ಮುಳುಗಿದ ವರ್ಷಕ್ಕೆ ಫಲಕ ಇದೆ, ಬೆಟ್ಟ ಉರಿದ ವರ್ಷಕ್ಕೆ ಯಾವ ಫಲಕವೂ ಇಲ್ಲ.

ಅಲ್ಲಿ ಇದ್ದಿಲು ಸುಟ್ಟವರು ಯಾರು ಎಂಬುದನ್ನೂ ಹೇಳಬೇಕು. ಸಹ್ಯಾದ್ರಿಯ ಇದ್ದಿಲು ಭಟ್ಟಿಗಳಲ್ಲಿ ದುಡಿದವರು ಬಹುತೇಕ ಕಾತಕರಿಗಳು. ಕಗ್ಗಲಿ ಮರದ ತಿರುಳಿನಿಂದ ಕಾಚು ಕಾಯಿಸುತ್ತಿದ್ದ ಸಮುದಾಯ. ಅವರ ಹೆಸರೇ ಆ ಕಸುಬಿನದು. ಕಾಡು ಇಲಾಖೆಯದಾದ ಮೇಲೆ ಆ ಕಸುಬು ಹೋಗಿ, ಮುಂಗಡ ಕೊಟ್ಟ ವ್ಯಾಪಾರಿಯ ಭಟ್ಟಿಗೆ ಸಂಸಾರ ಸಮೇತ ಹೋಗುವ ಪಾಡು ಬಂತು. ಕಾಡು ಹಾಳು ಮಾಡಿದವರು ಯಾರು ಎಂದು ನನ್ನ ಸಹೋದ್ಯೋಗಿಗಳನ್ನು ಕೇಳಿದರೆ ಹತ್ತರಲ್ಲಿ ಎಂಟು ಜನ ‘ಕಟ್ಟಿಗೆಗೆ ಹೋಗುವ ಬಡವರು’ ಎಂದೇ ಹೇಳುತ್ತಾರೆ. ಒಂದು ತಲೆಹೊರೆ ಹೆಚ್ಚೆಂದರೆ ಇಪ್ಪತ್ತೈದು ಮೂವತ್ತು ಕಿಲೋ, ಅದರಲ್ಲೂ ಬಹುಪಾಲು ಪುಳ್ಳೆ, ಒಣರೆಂಬೆ. ಲಾರಿಗೆ ಹತ್ತು ಟನ್. ಲೆಕ್ಕ ಕಷ್ಟದ್ದಲ್ಲ.

1975ರಲ್ಲಿ ಅಮೆರಿಕದ ಎರಿಕ್ ಎಕ್‌ಹೋಮ್ ‘ಇನ್ನೊಂದು ಇಂಧನ ಬಿಕ್ಕಟ್ಟು: ಕಟ್ಟಿಗೆ’ ಎಂಬ ಪುಸ್ತಿಕೆ ಬರೆದ. ಜಗತ್ತು ಪೆಟ್ರೋಲಿಗೆ ಅಳುತ್ತಿದ್ದಾಗ ಬಡ ಜಗತ್ತಿನ ಒಲೆಯತ್ತ ಬೆರಳು ತೋರಿದ. ಒಳ್ಳೆಯದೇ. ಆದರೆ ಅದರ ಬೆನ್ನಲ್ಲೇ ಬಂದ ಮದ್ದು ರೋಗಕ್ಕಿಂತ ಕೆಟ್ಟದಾಯಿತು. ಕಟ್ಟಿಗೆ ಕೊರತೆ ನೀಗಲು ಎಂದು ಸಾಮಾಜಿಕ ಅರಣ್ಯ ಯೋಜನೆಗಳು ಬಂದವು. ಕರ್ನಾಟಕದಲ್ಲಿ ನೆಟ್ಟದ್ದು ಬಹುಪಾಲು ನೀಲಗಿರಿ, ಅದು ಹೋದದ್ದು ರೇಯಾನ್ ಮತ್ತು ಕಾಗದದ ಕಾರ್ಖಾನೆಗೆ. ಪುಣೆ ಬಳಿಯ ಉರಳಿ ಕಾಂಚನದಲ್ಲಿ ಮಣಿಭಾಯಿ ದೇಸಾಯಿಯವರ ಬೈಫ್ ಸಂಸ್ಥೆ ಸುಬಾಬುಲ್ ಹಂಚಿತು. ಅದಾದರೂ ಮೇವು, ಉರುವಲು ಎರಡಕ್ಕೂ ಆಗುತ್ತಿತ್ತು.

ನಮ್ಮ ಹಾನಗಲ್ ತಾಲ್ಲೂಕಿನ ಕುಸನೂರು ಈ ಕಥೆಯಲ್ಲಿ ಬರುವುದು ಇಲ್ಲಿ. 1984ರಲ್ಲಿ ಸರ್ಕಾರ ಮತ್ತು ಹರಿಹರದ ಕಾರ್ಖಾನೆ ಜಂಟಿಯಾಗಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿ ಕಟ್ಟಿ, ಸುಮಾರು 30,000 ಹೆಕ್ಟೇರ್ ಸಿ ಮತ್ತು ಡಿ ವರ್ಗದ ಭೂಮಿಯನ್ನು ಅದಕ್ಕೆ ಕೊಡಲು ಹೊರಟಿತು. ದಾಖಲೆಯಲ್ಲಿ ಪಾಳು ಭೂಮಿ. ಊರಿನಲ್ಲಿ ದನ ಮೇಯುವ, ಹೆಂಗಸರು ಪುಳ್ಳೆ ಆಯುವ ಗುಡ್ಡ. ಶಿವರಾಮ ಕಾರಂತರು, ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠರು ಮತ್ತಿತರರು ಸುಪ್ರೀಂ ಕೋರ್ಟಿಗೆ ಹೋದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಅದೇ ಗುಣಿಯಲ್ಲಿ ಹಣ್ಣು, ಮೇವು, ಉರುವಲಿನ ಸಸಿ ನೆಟ್ಟರು. ನಾನಾಗ ಚಿಕ್ಕ ಹುಡುಗ. ದೊಡ್ಡವರು ಅದರ ಬಗ್ಗೆ ಮಾತಾಡಿದ್ದು ಮಸುಕಾಗಿ ನೆನಪಿದೆ. ನಮ್ಮಜ್ಜಿಯ ಪ್ರಶ್ನೆ ಮಾತ್ರ ಚೆನ್ನಾಗಿ ನೆನಪಿದೆ: “ನೀಲಗಿರಿ ಸೊಪ್ಪು ಆಡು ತಿನ್ನೂದಿಲ್ಲ, ಕಟಗಿ ಕಂಪನಿ ಒಯ್ತದ. ನಮಗೇನು, ಅದರ ನೆಳ್ಳೇನು?” ಕಂಪನಿ 1991ರಲ್ಲಿ ಮುಚ್ಚಿತು. ಫುಲೆಯವರ ಆಡು ಮತ್ತು ನಮ್ಮಜ್ಜಿಯ ಆಡಿನ ನಡುವೆ ನೂರು ವರ್ಷದ ಅಂತರವಿತ್ತು.

ಬಿಕ್ಕಟ್ಟಿನ ಇನ್ನೊಂದು ತುದಿ ಒಲೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಎ. ಕೆ. ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರದಿಂದ ಅಸ್ತ್ರ ಒಲೆ ಬಂತು. ಮೂರು ಕಲ್ಲಿನ ಒಲೆ ಹತ್ತು ಪಾಲಿನಲ್ಲಿ ಒಂದನ್ನು ಪಾತ್ರೆಗೆ ಕೊಟ್ಟರೆ ಇದು ಪ್ರಯೋಗಾಲಯದಲ್ಲಿ ಮೂರಕ್ಕೂ ಹೆಚ್ಚು ಕೊಡುತ್ತಿತ್ತು. 1983ರಲ್ಲಿ ರೆಡ್ಡಿಯವರು ಬಿ. ಸುಧಾಕರ ರೆಡ್ಡಿಯವರೊಂದಿಗೆ ಬೆಂಗಳೂರಿನ ಸೌದೆ ಕುರಿತು ಒಂದು ಅಧ್ಯಯನ ಪ್ರಕಟಿಸಿದರು. ಶ್ರೇಣೀಕೃತ ಸಮಾಜದಲ್ಲಿ ಇಂಧನ ಎಂಬುದು ಅದರ ಶೀರ್ಷಿಕೆ; ಸಾರವೂ ಅದೇ. ಉಳ್ಳವರು ಗ್ಯಾಸಿಗೆ ಏರುತ್ತಾರೆ, ಇಲ್ಲದವರು ಕಟ್ಟಿಗೆಯಲ್ಲೇ ಉಳಿಯುತ್ತಾರೆ. ಒಲೆ ಅದಕ್ಷವಾದ್ದರಿಂದ ಪಾತ್ರೆಗೆ ಮುಟ್ಟುವ ಶಾಖಕ್ಕೆ ಕೊಡುವ ಬೆಲೆ ಬಡವರಿಗೆ ಅಗ್ಗವೇನೂ ಅಲ್ಲ. ಪುಣೆಯಲ್ಲಿ ಆನಂದ ಕರ್ವೆಯವರ ಆರ್ತಿ ಸಂಸ್ಥೆ ಕಬ್ಬಿನ ರವದಿಯಿಂದ ಇದ್ದಿಲು ಮಾಡುವ ದಾರಿ ಕಂಡುಹಿಡಿದು 2002ರಲ್ಲಿ ಲಂಡನ್ನಿನ ಆಶ್ಡೆನ್ ಪ್ರಶಸ್ತಿ ಪಡೆಯಿತು. ರೈತ ಹೊಲದಲ್ಲೇ ಸುಟ್ಟುಬಿಡುವ ಒಣ ಎಲೆ ಅದು.

ಎಕ್‌ಹೋಮ್ ಹೆದರಿದಂತೆ ಕಟ್ಟಿಗೆ ಮುಗಿದು ಜನ ಹಸಿ ಅಕ್ಕಿ ತಿನ್ನುವ ದಿನ ಬರಲಿಲ್ಲ. ಹಳ್ಳಿಯ ಒಲೆಗೆ ಹೋಗುವುದರಲ್ಲಿ ಹೆಚ್ಚಿನದು ಕಾಡಿನ ಮರವಲ್ಲ, ಹೊಲದ ಬದುವಿನ ಜಾಲಿ, ಬೇಲಿಯ ರೆಂಬೆ ಎಂಬುದು ಎಂಬತ್ತರ ದಶಕದ ಕೊನೆಗೆ ಸಂಶೋಧಕರಿಗೆ ಹೊಳೆಯಿತು. ಹಳ್ಳಿಯ ಯಾವ ಹೆಂಗಸನ್ನು ಕೇಳಿದ್ದರೂ ಹೇಳುತ್ತಿದ್ದಳು. ಇನ್ನೊಂದು ಕಾರಣ, ಯಾರೂ ಪ್ರೀತಿಸದ ಒಂದು ಗಿಡ: ನಾವು ಬಳ್ಳಾರಿ ಜಾಲಿ ಎನ್ನುವ, ಮರಾಠಿಗರು ವಿಲಾಯತಿ ಬಾಭೂಳ ಎನ್ನುವ, ಹತ್ತೊಂಬತ್ತನೆಯ ಶತಮಾನದ ಎಪ್ಪತ್ತರ ದಶಕದಲ್ಲಿ ಅಮೆರಿಕ ಖಂಡದಿಂದ ತಂದದ್ದು. ಕಡಿದಷ್ಟೂ ಚಿಗುರುತ್ತದೆ, ಆಡು ಎಲೆ ಮುಟ್ಟುವುದಿಲ್ಲ, ಕೆರೆಯಂಗಳ ನುಂಗುತ್ತದೆ. ಶಾಪ ಹಾಕುತ್ತಲೇ ಅರ್ಧ ಬಯಲುಸೀಮೆ ಅದರಲ್ಲಿ ರೊಟ್ಟಿ ಸುಟ್ಟಿತು.

ನಗರದಲ್ಲಿ ವಖಾರವನ್ನು ಮುಗಿಸಿದ್ದು ಕಾನೂನೂ ಅಲ್ಲ, ಕಾಡಿನ ಕೊರತೆಯೂ ಅಲ್ಲ. ಸೀಮೆಎಣ್ಣೆ, ಆಮೇಲೆ ಸಿಲಿಂಡರು. 1955ರಲ್ಲಿ ಬರ್ಮಾ ಶೆಲ್ ಮುಂಬಯಿಯಲ್ಲಿ ಬರ್‌ಶೇನ್ ಹೆಸರಿನ ಅಡುಗೆ ಅನಿಲ ಮಾರತೊಡಗಿತು. ಗ್ಯಾಸಿಗೆ ವರ್ಷಗಟ್ಟಲೆ ಕಾದ ಕಾಲ ನಮ್ಮ ಅಪ್ಪಅಮ್ಮಂದಿರಿಗೆ ಗೊತ್ತು. ಸ್ನಾನದ ನೀರು ಗೀಸರಿಗೆ ಹೋಯಿತು, ಆಮೇಲೆ ತಾರಸಿಯ ಸೋಲಾರಿಗೆ. ಈಗ ಉಳಿದ ಗಿರಾಕಿಗಳಲ್ಲಿ ಬೇಕರಿ ಮುಖ್ಯ, ಅದರ ಗಂಟೆಯೂ ಬಾರಿಸಿದೆ: 2025ರ ಜನವರಿಯಲ್ಲಿ ಮುಂಬಯಿ ಹೈಕೋರ್ಟು ಅಲ್ಲಿಯ ಕಟ್ಟಿಗೆ, ಕಲ್ಲಿದ್ದಲಿನ ಬೇಕರಿಗಳಿಗೆ ಆರು ತಿಂಗಳಲ್ಲಿ ಶುದ್ಧ ಇಂಧನಕ್ಕೆ ಬದಲಾಗಲು ಹೇಳಿತು. ಹೊಗೆಯನ್ನು ಉಸಿರಾಡಿದವನಾಗಿ ಇದಕ್ಕೆ ನನ್ನ ತಕರಾರಿಲ್ಲ. ನಮ್ಮಜ್ಜಿಯ ಕಣ್ಣು ಹಂಡೆಯೊಲೆ ಊದಿಯೇ ಕೆಂಪಾಗಿರುತ್ತಿತ್ತು. ಹಳೆಯ ಒಲೆಯ ಬಗ್ಗೆ ಕವಿತೆ ಬರೆಯುವವರು ಊದುಗೊಳವೆ ಹಿಡಿದವರಲ್ಲ.

“ಈಗ ಮರ ಎಲ್ಲಿಂದ ಬರ್ತದ್ರಿ?” ಎಂದು ಕೇಳಿದೆ.

“ಊರಾಗಿಂದನs. ರಸ್ತಾ ಅಗಲ ಮಾಡ್ತಾರಲ್ರಿ, ಬಿಲ್ಡಿಂಗ ಕಟ್ತಾರ, ಮಳ್ಯಾಗ ಟೊಂಗಿ ಬೀಳ್ತಾವು. ಪರವಾನಗಿ ಚೀಟಿ ಇರ್ತದ. ಮೊದಲ ಬೆಟ್ಟದಿಂದ ಊರಿಗೆ ಬರ್ತಿತ್ತು, ಈಗ ಊರಿಂದs ಊರಿಗೆ.”

ಟ್ಯೂನೆನ್ನನ ಬಳೆ ಒಳಕ್ಕೆ ಬಂದು ನಗರದ ಮಧ್ಯದಲ್ಲೇ ಕೂತಿತ್ತು. ಅವರ ಮಗ ಹಿಂಜವಡಿಯಲ್ಲಿ ಕ್ಯಾಬ್ ಓಡಿಸುತ್ತಾನಂತೆ. ಈ ಕೆಲಸಕ್ಕೆ ಬರುವುದಿಲ್ಲ. ಬಂಬು ಇಲ್ಲದವನು ಕಟ್ಟಿಗೆ ಕೊಂಡು ಏನು ಮಾಡಬೇಕು ಎಂದು ಯೋಚಿಸುತ್ತಲೇ ಹತ್ತು ಕಿಲೋ ತೂಗಿಸಿದೆ. ಅವರು ಮೇಲೆ ಎರಡು ಹಿಡಿ ಚಕ್ಕೆ ಹಾಕಿ, “ಹೊತ್ತಸಾಕ ಬೇಕಾಗ್ತದ” ಎಂದರು. ಕಾರಿನ ಡಿಕ್ಕಿಯಲ್ಲಿ ಪ್ಲೈವುಡ್ ಸ್ಯಾಂಪಲ್ಲುಗಳ ಪಕ್ಕ ಗೋಣಿಚೀಲ ಇಟ್ಟುಕೊಂಡು ಬಂದೆ.

ಹತ್ತು ಕಿಲೋ ನಮ್ಮ ಸೊಸೈಟಿಯ ಗೇಟಿನಲ್ಲಿ ರಾತ್ರಿಪಾಳಿಯ ಕಾವಲುಗಾರರಿಗೆ ಮೂರು ರಾತ್ರಿಗೆ ಆಯಿತು. ನಾಲ್ಕನೆಯ ದಿನ ಅವರು ತೋಟದ ಮಾಲಿ ಕತ್ತರಿಸಿ ಹಾಕಿದ್ದ ಗುಲ್‌ಮೊಹರಿನ ಹಸಿ ರೆಂಬೆ ಉರಿಸಲು ಹೋಗಿ ಇಡೀ ಲಾಬಿಗೆ ಹೊಗೆ ತುಂಬಿಸಿದರು. ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ದೂರು ಬಂತು, ಆವರಣದಲ್ಲಿ ಬೆಂಕಿ ಹಾಕಬಾರದು ಎಂಬ ನೋಟೀಸೂ ಬಂತು. ಆ ರಾತ್ರಿ ಉಷ್ಣಾಂಶ ಹನ್ನೊಂದಕ್ಕೆ ಇಳಿದಿತ್ತು. ಗೇಟಿನ ಕ್ಯಾಬಿನ್ನಿಗೆ ಒಂದು ಹೀಟರ್ ಕೊಡಿಸಿ ಎಂದು ನಾನು ಬರೆದ ಸಂದೇಶಕ್ಕೆ ಇನ್ನೂ ಉತ್ತರ ಬಂದಿಲ್ಲ.